ಬೇಗ ಹುಡುಕು, ನಿಧಾನವಾಗಿ ನೋಡು

ಮಕ್ಕಳೇ, ಪೋಲಿಯೊ ಹನಿ, ದಡಾರದ ಚುಚ್ಚುಮದ್ದು ನಿಮಗೆಲ್ಲ ಗೊತ್ತು. ರೋಗ ಬರುವ ಮೊದಲೇ ಕೊಡುವ ಲಸಿಕೆಗಳಿವು. ಎಲ್ಲ ಮಕ್ಕಳಿಗೂ ಒಂದೇ ಮದ್ದು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಬೇರೆಯದೇ ಬಗೆಯ ಲಸಿಕೆಯ ಪರೀಕ್ಷೆ ನಡೆದಿದೆ. ಅದನ್ನು ಕೊಡುವುದು ಕ್ಯಾನ್ಸರ್ ಬಂದವರಿಗೆ. ಒಬ್ಬರಿಗೆಂದು ಮಾಡಿದ್ದು ಇನ್ನೊಬ್ಬರಿಗೆ ಆಗದು!

ಯಾಕೆ ಹಾಗೆ? ಕ್ಯಾನ್ಸರ್ ಹೊರಗಿನಿಂದ ಬಂದ ರೋಗಾಣುವಲ್ಲ. ನಮ್ಮದೇ ಜೀವಕೋಶಗಳ ಡಿಎನ್‌ಎಯಲ್ಲಿ ತಪ್ಪುಗಳು ಸೇರಿಕೊಂಡು, ಆ ಕೋಶಗಳು ಅಂಕೆಯಿಲ್ಲದೆ ಬೆಳೆಯತೊಡಗುತ್ತವೆ. ನಮ್ಮವೇ ಆದ್ದರಿಂದ ಮೈ ಕಾಯುವ ಬಿಳಿ ರಕ್ತಕಣಗಳಿಗೆ ಅವುಗಳ ಗುರುತು ಹತ್ತುವುದು ಕಷ್ಟ. ಆ ತಪ್ಪುಗಳಾದರೂ ಒಬ್ಬೊಬ್ಬರಲ್ಲಿ ಒಂದೊಂದು ಥರ.

ಅದಕ್ಕೇ ವಿಜ್ಞಾನಿಗಳು ರೋಗಿಯ ಗಡ್ಡೆಯ ಚೂರು ಮತ್ತು ರಕ್ತ, ಎರಡರ ಡಿಎನ್‌ಎಯನ್ನೂ ಓದಿ ಹೋಲಿಸುತ್ತಾರೆ. ಗಡ್ಡೆಯಲ್ಲಷ್ಟೇ ಇರುವ ತಪ್ಪುಗಳನ್ನು ಆರಿಸಿ, ಎಂಆರ್‌ಎನ್‌ಎ ಎಂಬ ಅಣುವಿನಲ್ಲಿ ಬರೆದು ಮೈಗೆ ಸೇರಿಸುತ್ತಾರೆ. ಬಯೋಎನ್‌ಟೆಕ್ ಕಂಪನಿಯ ಲಸಿಕೆಯಲ್ಲಿ ಇಂಥ 20 ಗುರುತುಗಳವರೆಗೆ ಇರಬಹುದು. ನಮ್ಮ ಜೀವಕೋಶಗಳು ಆ ಬರಹ ಓದಿ ಪ್ರೋಟೀನ್ ತುಣುಕು ತಯಾರಿಸುತ್ತವೆ. ಅದನ್ನು ನೋಡಿಕೊಂಡ ಬಿಳಿ ರಕ್ತಕಣಗಳು, ಅದೇ ಗುರುತಿನ ಕ್ಯಾನ್ಸರ್ ಕೋಶ ಎಲ್ಲಿ ಅಡಗಿದ್ದರೂ ಹಿಡಿಯಬೇಕು ಎಂಬುದು ಆಸೆ.

ಆಸೆ ನಿಜವಾಗುತ್ತದೆಯೇ? ಪರೀಕ್ಷಿಸದೆ ಹೇಳುವಂತಿಲ್ಲ. ಪರೀಕ್ಷೆಗೆ ಸರಿಹೊಂದುವ ರೋಗಿಗಳು ಬೇಕು. ಈ ಲಸಿಕೆಯ ಕರುಳಿನ ಕ್ಯಾನ್ಸರ್ ಪ್ರಯೋಗವನ್ನೇ ನೋಡಿ. ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ತೆಗೆದಿರಬೇಕು, ಆದರೂ ರಕ್ತದಲ್ಲಿ ಅದರ ಡಿಎನ್‌ಎಯ ಸುಳಿವು ಉಳಿದಿರಬೇಕು. ಅಂಥವರು ಒಂದೊಂದು ಆಸ್ಪತ್ರೆಗೆ ಸಿಗುವುದು ಕೆಲವರೇ. ಪ್ರತಿ ಆಸ್ಪತ್ರೆಯೂ ಒಂಟಿಯಾಗಿ ಹುಡುಕುತ್ತ ಕೂತರೆ ತುಂಬಾ ತಡವಾಗುತ್ತದೆ.

ಬ್ರಿಟನ್ನಿನಲ್ಲಿ 1948ರಿಂದ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯಿದೆ. ಈ ತಡ ತಪ್ಪಿಸಲು ಇಂಗ್ಲೆಂಡಿನ ಎನ್‌ಎಚ್‌ಎಸ್ 2024ರಲ್ಲಿ ‘ಕ್ಯಾನ್ಸರ್ ವ್ಯಾಕ್ಸಿನ್ ಲಾಂಚ್ ಪ್ಯಾಡ್’ ಎಂಬ ಏರ್ಪಾಡು ಘೋಷಿಸಿತು. ಆಗಲೇ 30 ಆಸ್ಪತ್ರೆಗಳು ಅದಕ್ಕೆ ಸೇರಿದ್ದವು. ತಮ್ಮ ಆಸ್ಪತ್ರೆಯಲ್ಲಿ ಪ್ರಯೋಗ ನಡೆಯದಿದ್ದರೂ, ಒಪ್ಪಿದ ರೋಗಿಯ ರಕ್ತ, ಗಡ್ಡೆಯ ಚೂರನ್ನು ಪರೀಕ್ಷಿಸಿ, ಹೊಂದಿದರೆ ಅವರನ್ನು ಹತ್ತಿರದ ಪ್ರಯೋಗಕೇಂದ್ರಕ್ಕೆ ಕಳಿಸುತ್ತಾರೆ. ಕರುಳಿನ ಕ್ಯಾನ್ಸರ್ ಪ್ರಯೋಗದಲ್ಲಿ ಇಂಗ್ಲೆಂಡಿನ ಮೊದಲ ರೋಗಿಗೆ ಬರ್ಮಿಂಗ್‌ಹ್ಯಾಮಿನ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಲಸಿಕೆ ಕೊಟ್ಟರು.

ಇಲ್ಲಿ ಅವಸರವೆಲ್ಲ ಹುಡುಕುವುದರಲ್ಲಿ ಮಾತ್ರ. ಅದರಾಚೆಗಿನ ಕೆಲಸಕ್ಕೆ ತಾಳ್ಮೆಯೇ ಬೇಕು. ಯಾರಿಗೆ ಲಸಿಕೆ, ಯಾರಿಗೆ ಮಾಮೂಲಿ ಆರೈಕೆ ಎಂದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ವೈದ್ಯರು ತಮಗೆ ಬೇಕಾದವರನ್ನು ಆರಿಸುವಂತಿಲ್ಲ. ಆಮೇಲೆ ಎರಡೂ ಗುಂಪುಗಳ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟಿರಬೇಕು. ಯಾರಲ್ಲಿ ಕ್ಯಾನ್ಸರ್ ಮರಳಿತು, ಯಾರಲ್ಲಿ ಇಲ್ಲ, ತೊಂದರೆಯೇನಾದರೂ ಆಯಿತೇ ಎಂದು ಬರೆದಿಡಬೇಕು. ಕಾಯದೆ ಈ ಉತ್ತರ ಸಿಗದು.

‘ಕ್ಯಾನ್ಸರಿಗೆ ಲಸಿಕೆ ಬಂತು’ ಎಂಬ ಸುದ್ದಿ ಓದಿದಾಗ ನೀವೂ ಮೂರು ಪ್ರಶ್ನೆ ಕೇಳಿ: ಎಷ್ಟು ಜನರಿಗೆ ಕೊಟ್ಟರು? ಯಾರೊಂದಿಗೆ ಹೋಲಿಸಿದರು? ಎಷ್ಟು ವರ್ಷ ಕಾದು ನೋಡಿದರು?