ರೆಕ್ಕೆಯ ಸಿರೆಗಳು ಹೇಳುವ ವಂಶಾವಳಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಕಲ್ಲಿನಲ್ಲಿ ಕೋಟ್ಯಂತರ ವರ್ಷ ಹಳೆಯ ಕೀಟದ ಒಂದು ರೆಕ್ಕೆ ಮಾತ್ರ ಸಿಕ್ಕಿದರೆ, ಅದು ಯಾವ ಕುಲದ್ದೆಂದು ಹೇಗೆ ಹೇಳುವುದು? ಇದೇ ನನ್ನ ಇಂದಿನ ವಿಷಯ.

ನಮ್ಮೂರಿನ ಬಂಡೆಗಳಲ್ಲಿ ಅಂಥ ರೆಕ್ಕೆ ಹುಡುಕಿ ಫಲವಿಲ್ಲ. ಅವು 250 ಕೋಟಿ ವರ್ಷಗಳಿಗೂ ಹಳೆಯವು. ಕೀಟಗಳು ಬಂದದ್ದು ಸುಮಾರು 40 ಕೋಟಿ ವರ್ಷಗಳ ಹಿಂದೆ. ಆದರೆ ಆ ಪುರಾತನ ಕುಲವೊಂದರ ಇಂದಿನ ಸಂತತಿ ನಮ್ಮ ಹೊಲಗಳಲ್ಲೇ ಇದೆ. ಅದೇ ಲೇಸ್‌ವಿಂಗ್. ತಿಳಿಹಸಿರು ಮೈ, ಬಲೆ ಹೆಣೆದಂಥ ನಾಲ್ಕು ರೆಕ್ಕೆ. ರಾತ್ರಿ ದೀಪಕ್ಕೆ ಬರುತ್ತದೆ. ಇದರ ಮರಿಹುಳು ಗಿಡಹೇನುಗಳನ್ನು ಹಿಡಿದು ಹೀರುವುದರಿಂದ ರೈತನಿಗೆ ಮಿತ್ರ.

ಕೀಟ ಸತ್ತಾಗ ಮೆತ್ತನೆಯ ಭಾಗ ಕೊಳೆಯುತ್ತದೆ, ರೆಕ್ಕೆಯ ಅಚ್ಚು ಉಳಿಯುತ್ತದೆ. ಭದ್ರಾ ನಾಲೆಯನ್ನು ನೆನೆಯಿರಿ. ಮುಖ್ಯ ನಾಲೆ, ಉಪನಾಲೆ, ಹೊಲಗಾಲುವೆ. ರೆಕ್ಕೆಯಲ್ಲೂ ಹಾಗೆಯೇ ಮುಖ್ಯ ಸಿರೆಗಳು, ಕವಲುಗಳು, ಅವನ್ನು ಜೋಡಿಸುವ ಅಡ್ಡ ಸಿರೆಗಳು. 1898ರಲ್ಲಿ ಅಮೆರಿಕದ ಕಾಮ್‌ಸ್ಟಾಕ್ ಮತ್ತು ನೀಡಮ್ ಎಲ್ಲ ಕೀಟಗಳಿಗೂ ಹೊಂದುವಂತೆ ಈ ಸಿರೆಗಳಿಗೆ ಹೆಸರಿಟ್ಟರು. ಮುಂದಿನ ಅಂಚಿನಿಂದ ಕ್ರಮವಾಗಿ ಕೋಸ್ಟಾ, ಸಬ್‌ಕೋಸ್ಟಾ, ರೇಡಿಯಸ್, ಮೀಡಿಯಾ, ಕ್ಯುಬಿಟಸ್, ಏನಲ್.

ಹೊಸ ಪಳೆಯುಳಿಕೆ ಸಿಕ್ಕಾಗ ಈ ಸಿರೆಗಳನ್ನು ಒಂದೊಂದಾಗಿ ಗುರುತಿಸಿ ಚಿತ್ರ ಬರೆಯುತ್ತಾರೆ. ಸಬ್‌ಕೋಸ್ಟಾ ಮತ್ತು ರೇಡಿಯಸ್ ರೆಕ್ಕೆಯ ತುದಿಯ ಬಳಿ ಕೂಡಿಕೊಂಡಿದ್ದು, ಅಲ್ಲೇ ಉದ್ದನೆಯ ಕೋಶವಿದ್ದರೆ ಅದು ಮರಳಿನಲ್ಲಿ ಗುಂಡಿ ತೋಡಿ ಇರುವೆ ಹಿಡಿಯುವ ಹುಳುವಿನ ಕುಟುಂಬದ್ದಿರಬಹುದು. ಅವು ಕೂಡದೆ, ಅಂಚಿನ ಅಡ್ಡ ಸಿರೆಗಳು ಕವಲೊಡೆಯದೆ ಇದ್ದರೆ ಹಸಿರು ಲೇಸ್‌ವಿಂಗ್ ಕಡೆ ನೋಡಬೇಕು. ಒಂದೇ ಗುರುತು ಸಾಲದು. ಹಲವು ಒಟ್ಟಿಗೆ ಹೊಂದಬೇಕು.

1904ರಲ್ಲಿ ಜರ್ಮನಿಯ ಸೋಲ್ನ್‌ಹೋಫೆನ್ ಸುಣ್ಣಕಲ್ಲಿನ ಒಂದು ಕೀಟಕ್ಕೆ ಕ್ಯಾಲಿಗ್ರಾಮಾ ಎಂದು ಹೆಸರಿಟ್ಟರು. ಈ ಕುಟುಂಬದವು ಅಗಲ ರೆಕ್ಕೆ, ಅದರ ಮೇಲೆ ಕಣ್ಣಿನಂಥ ಚುಕ್ಕೆಯಿಂದ ಥೇಟ್ ಚಿಟ್ಟೆಗಳಂತಿದ್ದವು. ಆದರೆ ಚಿಟ್ಟೆಯ ರೆಕ್ಕೆಯಲ್ಲಿ ಅಡ್ಡ ಸಿರೆಗಳು ಬಹಳ ಕಡಿಮೆ. ಇಲ್ಲಿ ಒತ್ತಾದ ಜಾಲವೇ ಇತ್ತು. ಚಿಟ್ಟೆಗಳಿಗಿಂತ ಬಹು ಹಿಂದಿನ ಇವು ಲೇಸ್‌ವಿಂಗ್‌ನ ಬಂಧುಗಳು. ವೇಷ ಒಂದು ಹೇಳಿದರೆ ಸಿರೆಗಳು ಇನ್ನೊಂದು ಹೇಳಿದವು.

ಸಿರೆಗಳಿಗೂ ಮಿತಿಯುಂಟು. ನಮ್ಮ ದೇಶದ ಹೊಲಗಳ ಲೇಸ್‌ವಿಂಗನ್ನು ಬಹುಕಾಲ ಯುರೋಪಿನ ಕ್ರೈಸೋಪರ್ಲಾ ಕಾರ್ನಿಯಾ ಎಂದೇ ಕರೆದರು. ಜೋಡಿ ಹುಡುಕುವಾಗ ಇವು ಹೊಟ್ಟೆ ನಡುಗಿಸಿ ಎಲೆಯ ಮೇಲೆ 'ಹಾಡು'ತ್ತವೆ. ಆ ಕಂಪನವನ್ನು ಅಳೆದು, ಇದು ಬೇರೆ ಜಾತಿ, ಕ್ರೈಸೋಪರ್ಲಾ ಜಾಸ್ಟ್ರೋವಿ ಸಿಲ್ಲೆಮಿ, ಎಂದು 2010ರಲ್ಲಿ ತಿಳಿಸಿದವರಲ್ಲಿ ಬೆಂಗಳೂರಿನ ಕೀಟತಜ್ಞರೂ ಇದ್ದರು. ಕಲ್ಲಿನ ರೆಕ್ಕೆಗೆ ಹಾಡಿಲ್ಲ. ಆದ್ದರಿಂದ ಅಲ್ಲಿ ಸಿರೆಯೇ ಮುಖ್ಯ ಸಾಕ್ಷಿ.

ವಿದ್ಯಾರ್ಥಿಗಳೇ, ಹೆಸರು ತಪ್ಪಿದರೆ ಜೀವಿಯ ಆಹಾರ, ಸ್ವಭಾವಗಳ ಲೆಕ್ಕವೂ ತಪ್ಪಬಹುದು. ಗುರುತಿಸದೆ ಔಷಧಿ ಸಿಂಪಡಿಸಿದರೆ ಶತ್ರುವಿನೊಂದಿಗೆ ಮಿತ್ರನೂ ಸಾಯುತ್ತಾನೆ. ದೀಪದ ಕೆಳಗೆ ಸತ್ತುಬಿದ್ದ ರೆಕ್ಕೆಯೊಂದನ್ನು ಭೂತಗನ್ನಡಿಯಲ್ಲಿ ನೋಡಿ, ಕಂಡದ್ದನ್ನಷ್ಟೇ ಬರೆಯಿರಿ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ, ತಾಳ್ಮೆ ಬೇಕು.