ಲೈಮ್ ಕೊಲ್ಲಿಯ ನಂತರ ಬಂದ ಕಾಯಿದೆ

ಮಕ್ಕಳಿಗೆ ಬಂಡೆ ಹತ್ತುವುದನ್ನು, ದೋಣಿ ನಡೆಸುವುದನ್ನು ದುಡ್ಡು ಪಡೆದು ಕಲಿಸುವ ಕೇಂದ್ರಗಳಿಗೆ ಬ್ರಿಟನ್ನಿನಲ್ಲಿ ಪರವಾನಗಿ ಬೇಕು. ಆ ನಿಯಮ ಹುಟ್ಟಿದ ಬಗೆಯನ್ನು ಇವತ್ತು ಹೇಳುತ್ತೇನೆ.

ಅದಕ್ಕೂ ಮೊದಲು ಎಚ್ಚರಿಕೆಗಳು ಸಿಕ್ಕಿದ್ದವು. 1971ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಬೆಟ್ಟಗಳ ಹಿಮಗಾಳಿಗೆ ಸಿಕ್ಕಿ ಎಡಿನ್‌ಬರೊ ಶಾಲೆಯೊಂದರ ಐವರು ವಿದ್ಯಾರ್ಥಿಗಳೂ ಜೊತೆಗಿದ್ದ ಕಿರಿಯ ಸಹಾಯಕಿಯೂ ತೀರಿಕೊಂಡರು. ಬೆಟ್ಟಕ್ಕೆ ಕರೆದೊಯ್ಯುವವರ ತರಬೇತಿಯ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ಆದರೆ ಕೇಂದ್ರಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ಬರಲಿಲ್ಲ.

1993ರ ಮಾರ್ಚ್ 22. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್‌ನಿಂದ, ಪ್ಲಿಮತ್‌ನ ಶಾಲೆಯೊಂದರ ಎಂಟು ಮಕ್ಕಳು, ಒಬ್ಬ ಮೇಷ್ಟ್ರು, ಅಲ್ಲಿನ ಸಾಹಸ ಕೇಂದ್ರವೊಂದರ ಇಬ್ಬರು ತರಬೇತುದಾರರು ಕಯಾಕ್ ದೋಣಿಗಳಲ್ಲಿ ಚಾರ್ಮತ್ ಕಡೆಗೆ ಹೊರಟರು. ದೂರವೇನೂ ಇಲ್ಲ, ದಡದ ಗುಂಟ ಸುಮಾರು ಎರಡು ಮೈಲಿ. ಮೇಷ್ಟ್ರ ದೋಣಿ ಮತ್ತೆ ಮತ್ತೆ ಮಗುಚಿತು. ಒಬ್ಬ ತರಬೇತುದಾರರು ಅವರ ಜೊತೆ ಉಳಿದರು. ಅಷ್ಟರಲ್ಲಿ ದಡದಿಂದ ಬೀಸುತ್ತಿದ್ದ ಗಾಳಿ ಉಳಿದವರನ್ನು ನಡುನೀರಿಗೆ ತಳ್ಳಿತು. ಅವರ ಬಳಿ ತುರ್ತು ಸಂಕೇತದ ಫ್ಲೇರ್ ಇರಲಿಲ್ಲ. ಕರಾವಳಿ ಕಾವಲು ಪಡೆಗೆ ಸುದ್ದಿ ಮುಟ್ಟಿದ್ದೂ ತಡವಾಗಿ. ಕೊರೆಯುವ ನೀರಿನಲ್ಲಿ ಗಂಟೆಗಟ್ಟಲೆ ಕಳೆದ ಆ ಎಂಟು ಮಕ್ಕಳಲ್ಲಿ ನಾಲ್ವರು ಉಳಿಯಲಿಲ್ಲ.

ನನ್ನನ್ನು ಇಂದಿಗೂ ಕಾಡುವುದು ಒಂದು ಪತ್ರ. ಹಿಂದಿನ ವರ್ಷವೇ ಆ ಕೇಂದ್ರದ ಇಬ್ಬರು ತರಬೇತುದಾರರು ಕೆಲಸ ಬಿಟ್ಟು, ಸುರಕ್ಷತೆಯನ್ನು ಹೀಗೇ ಕಡೆಗಣಿಸಿದರೆ ಜೀವ ಹೋದೀತು ಎಂಬ ಅರ್ಥದಲ್ಲಿ ಮಾಲೀಕರಿಗೆ ಬರೆದಿದ್ದರು. 1994ರ ಡಿಸೆಂಬರಿನಲ್ಲಿ ಕೇಂದ್ರದ ವ್ಯವಸ್ಥಾಪಕ ನಿರ್ದೇಶಕರು ಜೈಲಿಗೆ ಹೋದರು. ಅವರ ಕಂಪನಿಗೆ 60,000 ಪೌಂಡ್ ದಂಡ ಬಿತ್ತು. ಇಂಗ್ಲೆಂಡಿನಲ್ಲಿ ಕಂಪನಿಯೊಂದು ನರಹತ್ಯೆಯ ಅಪರಾಧಿ ಎಂದು ತೀರ್ಪಾದದ್ದು ಅದೇ ಮೊದಲು. ಆದರೂ ಕೋರ್ಟು ಕೇಳುವುದು ಅನಾಹುತ ನಡೆದ ಮೇಲೆ. ದೋಣಿ ನೀರಿಗಿಳಿಯುವ ಮೊದಲೇ ಹೊರಗಿನವರೊಬ್ಬರು ಬಂದು ಕೇಳಬೇಕಿತ್ತು.

ಮಕ್ಕಳನ್ನು ಕಳೆದುಕೊಂಡ ಹೆತ್ತವರು ಹೋರಾಡಿದರು. ಪ್ಲಿಮತ್‌ನ ಸಂಸದ ಡೇವಿಡ್ ಜೇಮಿಸನ್ ಖಾಸಗಿ ಸದಸ್ಯರ ಮಸೂದೆ ತಂದರು, 1995ರಲ್ಲಿ ಅದು ಕಾಯಿದೆಯಾಯಿತು. ಮರುವರ್ಷದಿಂದ ಹದಿನೆಂಟು ತುಂಬದವರಿಗೆ ಬಂಡೆ ಏರುವುದು, ಗುಹೆ ಪ್ರವೇಶ, ಚಾರಣ, ಜಲಕ್ರೀಡೆ ನಡೆಸುವ ಕೇಂದ್ರಗಳಿಗೆ ಪರವಾನಗಿ ಕಡ್ಡಾಯವಾಯಿತು, ತಪಾಸಣೆ ಶುರುವಾಯಿತು. ತರಬೇತುದಾರರ ಅರ್ಹತೆ ಏನು, ಸಲಕರಣೆ ಸರಿಯಿದೆಯೇ, ಆಪತ್ತು ಬಂದರೆ ಯಾರನ್ನು ಕರೆಯುತ್ತೀರಿ ಎಂದು ತಜ್ಞರು ಕೇಳತೊಡಗಿದರು. ಈ ಕಾಯಿದೆ ಮಕ್ಕಳನ್ನು ಮನೆಯಲ್ಲಿ ಕೂರಿಸಲಿಲ್ಲ. ಅದೇ ಅದರ ಹೆಚ್ಚುಗಾರಿಕೆ ಎಂದು ನಾನು ನಂಬುತ್ತೇನೆ.

2010ರಲ್ಲಿ ಸುರಕ್ಷತಾ ನಿಯಮಗಳ ಕುರಿತು ಲಾರ್ಡ್ ಯಂಗ್ ಸರ್ಕಾರಕ್ಕೆ ಕೊಟ್ಟ ವರದಿ ಪರವಾನಗಿ ಪದ್ಧತಿಯನ್ನೇ ಕೈಬಿಡಲು ಶಿಫಾರಸು ಮಾಡಿತು. ಪದ್ಧತಿ ಉಳಿಯಿತು. ಒಂದು ವಿನಾಯಿತಿಯೂ ಹಾಗೆಯೇ ಉಳಿದಿದೆ: ಶಾಲೆ ತನ್ನ ಮಕ್ಕಳನ್ನು ತಾನೇ ಕರೆದೊಯ್ದರೆ ಪರವಾನಗಿ ಬೇಕಿಲ್ಲ. 1985ರಲ್ಲಿ ಲ್ಯಾಂಡ್ಸ್ ಎಂಡ್ ಬಂಡೆಗಳ ಮೇಲಿಂದ ಅಲೆಗೆ ಕೊಚ್ಚಿಹೋದ ನಾಲ್ವರು ಹುಡುಗರು ಶಾಲಾ ಪ್ರವಾಸಕ್ಕೆ ಬಂದವರು. ಅಂಥ ಪ್ರವಾಸದ ಹೊಣೆ ಇಂದಿಗೂ ಶಾಲೆಯದೇ.