ನಮ್ಮ ತಂದೆಯವರ ಬೇಸಾಯದ ಬದುಕು



ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ದಿವಂಗತ ತಂದೆಯವರನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ತಂದೆಯವರು ಯಾವ ಸಂಘದ ಅಧ್ಯಕ್ಷರೂ ಆಗಿದ್ದವರಲ್ಲ, ಇಂತಹ ವೇದಿಕೆಯನ್ನು ಏರಿದವರೂ ಅಲ್ಲ. ತೊಂಬತ್ತು ದಾಟಿದ ಆಯುಷ್ಯವನ್ನು ಮಣ್ಣಿನಲ್ಲಿಯೇ ಸವೆಸಿದ ರೈತರು. ಆದರೆ ಅವರು ಒಂದೇ ಜನ್ಮದಲ್ಲಿ ಎರಡು ಸಲ ಗದ್ದೆ ಕಟ್ಟಿದರು. ಮಕ್ಕಳಾದ ನಾವು ಹೇಳಬೇಕಾದದ್ದು ಅದನ್ನೇ.

ಮೊದಲನೆಯ ಗದ್ದೆ ಇಂದು ನೀರಿನಡಿಯಲ್ಲಿದೆ. ಕಾಳಿ ನದಿಗೆ ಪಾಂಡರಿ ಹೊಳೆ ಬಂದು ಕೂಡುತ್ತಿದ್ದಲ್ಲಿ ಸೂಪಾ ಪೇಟೆಯಿತ್ತು. ಇಂದಿನ ಜೋಯಿಡಾ ತಾಲೂಕಿಗೆ ಆಗ ಸೂಪಾ ಎಂದೇ ಹೆಸರು. ಅದರ ಆಸುಪಾಸಿನ ಕಣಿವೆಯಲ್ಲಿ ನಮ್ಮ ಅಜ್ಜ ಕಡಿದು ಕೊಟ್ಟ ತುಂಡು ಭೂಮಿಯನ್ನು ತಂದೆಯವರು ಅಂಚು ಕಟ್ಟಿ, ಸೊಪ್ಪು ಸಗಣಿ ಹೊತ್ತು ಹದಕ್ಕೆ ತಂದಿದ್ದರು. ಮಿರುಗದ ಮಳೆ ಹಿಡಿಯುವ ಮೊದಲೇ ಹಿತ್ತಲಲ್ಲಿ ಮುಡ್ಲಿಯ ಗಡ್ಡೆ ಊರುವುದು, ಬಳಿಕ ಭತ್ತದ ನಾಟಿ. ತೆನೆ ಹೊರಟಿತೆಂದರೆ ರಾತ್ರಿಯಿಡೀ ಮಾಳದ ಮೇಲೆ ಕಂಬಳಿ ಹೊದ್ದು ಕಾಡುಹಂದಿ, ಕಾಡುಕೋಣಗಳಿಂದ ಬೆಳೆಯನ್ನು ಕಾಯುವುದು. ಚಳಿಗಾಲದಲ್ಲಿ ಮುಡ್ಲಿಯನ್ನು ಆಳವಾಗಿ ಅಗೆದು ಕೀಳುವಾಗ ಬೇರೆಯವರು ಕೈಹಾಕಿದರೆ ಅವರಿಗೆ ಸಮಾಧಾನವಿರಲಿಲ್ಲ. ಗಡ್ಡೆಗೆ ಗುದ್ದಲಿ ತಾಗಿದರೆ ಕೊಳೆಯುತ್ತದೆ, ಬೀಜಕ್ಕೆ ಉಳಿಯುವುದಿಲ್ಲ. ಅಕ್ಕಿ ಮುಗಿದ ದಿನಗಳಲ್ಲಿ ಆರು ಮಕ್ಕಳ ಹೊಟ್ಟೆ ತುಂಬಿಸಿದ್ದು ಈ ಗಡ್ಡೆಯೇ. ನಾವು ಉಂಡೆದ್ದ ಮೇಲೆಯೇ ಅವರು ಕೂರುತ್ತಿದ್ದರು; ಗಡಿಗೆಯಲ್ಲಿ ಏನು ಉಳಿದಿರುತ್ತಿತ್ತೆಂಬುದು ನಮ್ಮ ತಾಯಿಗೆ ಮಾತ್ರ ಗೊತ್ತು.

1970ರ ದಶಕದಲ್ಲಿ ಇದೇ ಗಣೇಶಗುಡಿಯಲ್ಲಿ ಅಣೆಕಟ್ಟಿನ ಕೆಲಸ ಮೊದಲಾಯಿತು. ನಮ್ಮ ಹಿರಿಯಣ್ಣ ಕಾಂಕ್ರೀಟು ಹೊರುವ ಕೂಲಿಗೆ ಸೇರಿದರು. ತಮ್ಮ ಮನೆ ಮುಳುಗಿಸುವ ಗೋಡೆಗೆ ತಾವೇ ಕಲ್ಲು ಹೊರುವುದೇ ಎಂದು ನೆಂಟರು ಜರೆದರು. "ಅವನು ಹೋಗದಿದ್ದರೆ ನೀರು ಏರದೆ ನಿಲ್ಲುತ್ತದೆಯೇ?" ಎಂದಷ್ಟೇ ತಂದೆಯವರು ಹೇಳಿದರು. ಆ ಕೂಲಿಯ ಹಣದಿಂದಲೇ ಕಿರಿಯರಾದ ನಾವು ಓದಿದೆವು.

1987ರ ಹೊತ್ತಿಗೆ ಕಟ್ಟೆ ಪೂರ್ಣಗೊಂಡಿತು. ಎತ್ತರ 101 ಮೀಟರು. ಅದರ ಬುಡದ ವಿದ್ಯುದಾಗಾರದಲ್ಲಿ 50 ಮೆಗಾವಾಟಿನ ಎರಡು ಯಂತ್ರಗಳು. ಈ ಅಂಕಿಗಳು ಪುಸ್ತಕಗಳಲ್ಲಿ ದೊರೆಯುತ್ತವೆ. ತಂದೆಯವರು ಕಟ್ಟಿದ ಅಂಚಿನ ಉದ್ದವನ್ನು ಯಾರೂ ಅಳೆದಿಲ್ಲ. ನಾಡಿಗೆ ಬೆಳಕು ಬೇಕಿತ್ತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಪರಿಹಾರದ ಲೆಕ್ಕವನ್ನೂ ಈ ಸಭೆಯಲ್ಲಿ ಎತ್ತುವುದಿಲ್ಲ. ತಂದೆಯವರು ಮನೆಯಲ್ಲಿಯೂ ಎತ್ತುತ್ತಿರಲಿಲ್ಲ.

ಸೂಪಾದ ಅನೇಕ ಕುಟುಂಬಗಳಂತೆ ನಾವೂ ಬೆಳಗಾವಿ–ಗೋವಾ ರಸ್ತೆಯ ರಾಮನಗರಕ್ಕೆ ಹೋದೆವು. ಲಾರಿಯಲ್ಲಿ ಸಾಮಾನು ಏರಿಸುವಾಗ ತಂದೆಯವರು ಮೊದಲು ಇಡಿಸಿದ್ದು ಬೀಜದ ಮುಡ್ಲಿಯ ಎರಡು ಚೀಲಗಳನ್ನು. ಪಾತ್ರೆಪಗಡಗಳಿಗೆ ಜಾಗ ಸಾಲದೆಂದು ತಾಯಿ ಗೊಣಗಿದರೂ ಕೇಳಲಿಲ್ಲ. ಅಲ್ಲಿ ದೊರೆತದ್ದು ಕಲ್ಲುಕುರುಚಲಿನ ನೆಲ. ಐವತ್ತು ದಾಟಿದ ಮನುಷ್ಯ ಪುನಃ ಗುದ್ದಲಿ ಹಿಡಿದು ಕಲ್ಲು ಕಿತ್ತು, ಅದೇ ಕಲ್ಲಿನಿಂದ ಅಂಚು ಕಟ್ಟಿ, ತಲೆಯ ಮೇಲೆ ಗೊಬ್ಬರ ಹೊತ್ತರು. ಮೊದಲ ಕೆಲವು ವರ್ಷ ಬಿತ್ತಿದಷ್ಟೂ ಕೈಗೆ ಬರಲಿಲ್ಲ. ಆ ವರ್ಷಗಳಲ್ಲಿಯೇ ಇಬ್ಬರು ಹೆಣ್ಣುಮಕ್ಕಳ ಮದುವೆಗಳಾದವು. ಸಾಲ ತೀರುವವರೆಗೆ ಅವರು ಹೊಸ ಅಂಗಿ ಹೊಲಿಸಿಕೊಳ್ಳಲಿಲ್ಲ.

ಬೇಸಗೆಯಲ್ಲಿ ಜಲಾಶಯ ತೀರ ಇಳಿದಾಗ ಹಳೆಯ ಸೂಪಾದ ಅವಶೇಷಗಳು ಕಾಣಿಸುವುದುಂಟು. ಅಂತಹ ಒಂದು ವರ್ಷ, ಗದ್ದೆಯಿದ್ದ ಜಾಗವನ್ನು ತೋರಿಸುತ್ತೇವೆ ಬನ್ನಿ ಎಂದು ನಾವು ಕರೆದೆವು. ಎಂಬತ್ತು ದಾಟಿತ್ತು. ಮುಡ್ಲಿ ಊರುವ ಹೊತ್ತು ಮೀರುತ್ತದೆಯೆಂದು ಹೇಳಿ ಅವರು ಹಿತ್ತಲಿಗೆ ನಡೆದರು.

ಅವರು ತೀರಿಕೊಂಡ ವರ್ಷ ಬೀಜದ ಗಡ್ಡೆಗಳನ್ನು ಹಿರಿಯಕ್ಕ ನೆರೆಯ ಮನೆಗಳಿಗೂ ಹಂಚಿದರು. ಈಗ ರಾಮನಗರದ ನಮ್ಮ ಕೇರಿಯಲ್ಲಿ ಅದು ಎಲ್ಲರ ಹಿತ್ತಲಲ್ಲಿ ಬೆಳೆಯುತ್ತದೆ.